ಸಾಂಬಾರ್ ತಡೆಯುವ ಟೈ

ಬೆಂಗಳೂರಿನಲ್ಲಿ ದಿನಾ ಟೈ ಕಟ್ಟಿಕೊಂಡು ಓಡಾಡುವವರು ಅಂದರೆ ಸ್ಕೂಲ್ ಮಕ್ಕಳು ಮತ್ತು ಮೆಡಿಕಲ್ ರೆಪ್‌ಗಳು. ರಿಸೆಪ್ಷನ್ ದಿನ ಮದುಮಗನೂ ಈ ಗುಂಪಿಗೆ ಸೇರುತ್ತಾನೆ. ನಾನು ಇವರ‍್ಯಾರೂ ಅಲ್ಲ. ಸುಮ್ನೆ ಇಷ್ಟ ಅಂತ ಕೋಟು, ಟೈ ಹಾಕುವವನು. ಹಲ್ಲುನೋವು ಅಂತ ಕ್ಲಿನಿಕ್ಕಿಗೆ ಹೋದರೆ ಕೌಂಟರಿನ ಹುಡುಗಿ ಒಂದು ಸಲ ನನ್ನ ಕೊರಳು ನೋಡಿ, "ರೆಪ್‌ಗಳಿಗೆಲ್ಲ ಎರಡು ಗಂಟೆ ಮೇಲೆ ಸಾರ್" ಅಂದಳು. ಊದಿದ ದವಡೆ ಅವಳಿಗೆ ಕಾಣಲೇ ಇಲ್ಲ.

ಪ್ಲೇನ್ ಟೈ ಆದರೆ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ. ಡಿಸೈನ್ ಇದ್ದರೆ ಅದು ನಮ್ಮನ್ನು ಕೇಳದೆ ನಮ್ಮ ಬಗ್ಗೆ ಊರಿಗೆಲ್ಲ ಹೇಳಿಕೊಂಡು ಬರುತ್ತದೆ.

ಪಟ್ಟೆ ಟೈಯನ್ನೇ ತಗೊಳ್ಳಿ. ಇಂಗ್ಲೆಂಡಿನಲ್ಲಿ ರೆಜಿಮೆಂಟು, ಕಾಲೇಜು, ಕ್ಲಬ್ಬುಗಳಿಗೆ ಅವರವರದೇ ಬಣ್ಣದ ಪಟ್ಟೆಗಳಿವೆ. ಅಲ್ಲಿನ ಪಟ್ಟೆ ಎಡ ಹೆಗಲ ಕಡೆಯಿಂದ ಬಲಕ್ಕೆ ಇಳಿಯುತ್ತದೆ. ಅಮೆರಿಕದ ಬ್ರೂಕ್ಸ್ ಬ್ರದರ್ಸ್ ಕಂಪನಿ ಅದನ್ನು ಉಲ್ಟಾ ಇಳಿಸಿ ಮಾರಿತು. ಜಾಣರು. ಯಾವ ಸೈನ್ಯದವರೂ ಜಗಳಕ್ಕೆ ಬರುವ ಹಾಗಿಲ್ಲ, ಅಲ್ವಾ? ನನ್ನ ಕಡುಗೆಂಪು, ಕಡುನೀಲಿ ಪಟ್ಟೆಯ ಟೈಗೆ ಆ ಜಾಣತನ ಇರಲಿಲ್ಲ. ಆಫೀಸಿಗೆ ಬಂದಿದ್ದ ಒಬ್ಬ ಇಂಗ್ಲಿಷ್ ಅಜ್ಜ ಅದನ್ನು ನೋಡಿ ನೆಟ್ಟಗೆ ನಿಂತು, "ಗಾರ್ಡ್ಸ್‌ನಲ್ಲಿದ್ದಿರಾ?" ಅಂತ ಕೇಳಿದರು. ಅರಮನೆ ಕಾಯುವ ಪಡೆಯ ಬಣ್ಣವಂತೆ ಅದು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಕೊಂಡರೆ ಒಂದು ಫ್ರೀ ಬಂದಿತ್ತು. ಫ್ರೀ ಬಂದದ್ದು ಯಾವ ಪಡೆಯದೋ, ಹೆದರಿ ಇನ್ನೂ ಕಟ್ಟಿಲ್ಲ.

ಪೈಸ್ಲಿ ಕಥೆ ಬೇರೆ. ಕಾಶ್ಮೀರದ ಶಾಲಿನ ಮೇಲಿದ್ದ ಡಿಸೈನನ್ನು ಸ್ಕಾಟ್ಲೆಂಡಿನ ಪೈಸ್ಲಿ ಊರಿನ ನೇಕಾರರು 19ನೇ ಶತಮಾನದಲ್ಲಿ ಕಾಪಿ ಹೊಡೆದು ಜಗತ್ತಿಗೆಲ್ಲ ಮಾರಿದರು. ನಮ್ಮ ಹೆಂಗಸರಿಗೆ ಈ ಇತಿಹಾಸವೆಲ್ಲ ಬೇಡ. ಅವರಿಗೆ ಅದು ಮಾವಿನಕಾಯಿ ಅಂಚು, ಅಷ್ಟೇ. ಒಂದು ಮದುವೆ ಮನೆಯಲ್ಲಿ ದೂರದ ಅತ್ತೆಯೊಬ್ಬರು ನನ್ನ ಟೈ ತುದಿ ಹಿಡಿದು, ಎರಡು ಬೆರಳಲ್ಲಿ ಉಜ್ಜಿ, "ಪ್ಯೂರ್ ಸಿಲ್ಕಾ? ಯಾರ ಸೀರೆ ಕತ್ತರಿಸಿದ್ರಿ?" ಅಂದರು. ಬೆಳಕಿಗೆ ಹಿಡಿಯಲು ಒಂಚೂರು ಎಳೆದರು. ತಿರುಗಿಸಿ ಒಳಗಿನ ಲೈನಿಂಗ್ ನೋಡಲು ಇನ್ನೊಂಚೂರು ಎಳೆದರು. ಗಂಟು ಮೇಲೇರಿತು. ಬೆಲೆ ಎಷ್ಟು ಅಂತ ಕೇಳುವ ಹೊತ್ತಿಗೆ ಹೇಳಲು ನನ್ನಲ್ಲಿ ಉಸಿರು ಉಳಿದಿರಲಿಲ್ಲ.

ಸಣ್ಣ ಚೌಕುಳಿ ಕಣ್ಣಿಗೆ ಹಿತ, ಆದರೆ ವಿಡಿಯೋ ಕಾಲ್‌ಗೆ ಆಗದು. ಕ್ಯಾಮೆರಾದಲ್ಲಿ ಅದು ಮಿಣಮಿಣ ಅಂತ ಅಲೆಯಾಡುತ್ತದೆ. ನಾನು ಲೆಕ್ಕ ಒಪ್ಪಿಸುತ್ತಿದ್ದರೆ ಎದುರಿನವರು ನನ್ನ ಎದೆಯನ್ನೇ ನೋಡುತ್ತಾ ತಲೆ ಹಿಡಿದುಕೊಳ್ಳುತ್ತಾರೆ.

ಉಳಿದದ್ದು ಚುಕ್ಕೆ. ಕಡುನೀಲಿ ಅಥವಾ ಕಂದು ರೇಷ್ಮೆಯ ಮೇಲೆ ದೂರದೂರ ಕೂತ ಪುಟ್ಟ ಕೆನೆಬಣ್ಣದ ಚುಕ್ಕೆಗಳು. ಅಂಗಿಯ ಡಿಸೈನೂ ಟೈ ಡಿಸೈನೂ ಒಂದೇ ಅಳತೆಯದಾಗಿರಬಾರದು ಅಂತ ಬಲ್ಲವರು ಹೇಳುತ್ತಾರೆ. ಪ್ಲೇನ್ ಅಂಗಿ, ಅಗಲ ಗೆರೆಯ ಅಂಗಿ, ಎರಡಕ್ಕೂ ಚುಕ್ಕೆ ಹೊಂದುತ್ತದೆ ಅನ್ನುವುದು ಅವರ ವಾದ. ನಿಜವೇ ಇರಬಹುದು. ಆದರೆ ಅವರು ಹೋಟೆಲ್ಲಿನಲ್ಲಿ ನಿಂತುಕೊಂಡು ಇಡ್ಲಿ ತಿಂದವರಲ್ಲ. ರೇಷ್ಮೆ ಟೈಯನ್ನು ಮನೆಯಲ್ಲಿ ಒಗೆಯುವಂತಿಲ್ಲ. ನೀರು ಮುಟ್ಟಿಸಿದರೆ ಸುತ್ತ ಕಲೆ ಉಳಿಯುತ್ತದೆ. ಹೆಗಲ ಮೇಲೆ ಹಾಕಿಕೊಂಡರೆ, ಸರಿಯಾಗಿ ಬಾಯಿಗೆ ಚಮಚ ಬರುವಾಗಲೇ ಜಾರಿ ಬಟ್ಟಲಿಗೆ ಇಣುಕುತ್ತದೆ. ಪ್ಲೇನ್ ಟೈ ಮೇಲೆ ಒಂದು ಹನಿ ಬಿದ್ದರೂ ಮೀಟಿಂಗಿನಲ್ಲಿ ಎಲ್ಲರಿಗೂ ಆ ಹನಿಯೇ ಕಾಣುತ್ತದೆ. ಚುಕ್ಕೆ ಟೈ ಮೇಲೆ ಬಿದ್ದರೆ ಇನ್ನೊಂದು ಚುಕ್ಕೆ ಜಾಸ್ತಿ ಆಯಿತು, ಅಷ್ಟೇ.

ನಮ್ಮ ಬೀದಿ ಹೋಟೆಲ್ಲಿನ ಸಪ್ಲೈಯರ್‌ಗೆ ಇದು ಯಾವಾಗಲೋ ಗೊತ್ತಾಗಿದೆ. ಪ್ಲೇನ್ ಟೈ ದಿನ ಕೇಳದೆಯೇ ಸಾಂಬಾರನ್ನು ಬೇರೆ ಬಟ್ಟಲಲ್ಲಿ ತಂದಿಡುತ್ತಾನೆ. ಉಳಿದ ದಿನ ದೂರದಿಂದಲೇ ನನ್ನ ಕೊರಳು ನೋಡಿ ಅಡುಗೆಮನೆಗೆ ಕೂಗುತ್ತಾನೆ: "ಚುಕ್ಕೆ ಸಾರ್‌ಗೆ ಒಂದು ಇಡ್ಲಿ ಡಿಪ್!"