ಪ್ರಾಸ್ತಾವಿಕ ನುಡಿಗೂ ಒಂದು ಸರ್ಕಾರಿ ಆದೇಶ ಬರಲಿ

ನಾಡಗೀತೆಯನ್ನು 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಿ ಮುಗಿಸಬೇಕೆಂದು ರಾಜ್ಯ ಸರ್ಕಾರವು 2022ರಲ್ಲಿ ಗೊತ್ತುಪಡಿಸಿತು. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡುಗಳೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿದೆ. ತೆರೆದ ಜಾಗದಲ್ಲಿ ಧ್ವನಿವರ್ಧಕವು ರಾತ್ರಿ 10 ಗಂಟೆಗೆ ಬಾಯಿ ಮುಚ್ಚಬೇಕೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ಹೇಳುತ್ತವೆ. ಕವಿಗೂ ದೇಶಕ್ಕೂ ಯಂತ್ರಕ್ಕೂ ಇಷ್ಟು ಕಟ್ಟುನಿಟ್ಟಾಗಿ ಕಾಲಮಿತಿ ಹಾಕಿದ ನಮ್ಮ ವ್ಯವಸ್ಥೆಯು ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ ಮತ್ತು ಅಧ್ಯಕ್ಷೀಯ ಭಾಷಣ ಎಂಬ ನಾಲ್ಕು ಬಾಬತ್ತುಗಳ ತಂಟೆಗೆ ಮಾತ್ರ ಹೋಗಿಲ್ಲ. ಅದರ ಫಲವನ್ನು ಈಚೆಗೆ ಹುಬ್ಬಳ್ಳಿಯ ಒಂದು ಸಣ್ಣ ರಂಗಮಂದಿರದಲ್ಲಿ, ಪಕ್ಕಕ್ಕೆ ಗೋಡೆಯಿಲ್ಲದ ತಗಡಿನ ಛಾವಣಿಯ ಕೆಳಗೆ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕುಳಿತು ನಾವು ನೂರು ಚಿಲ್ಲರೆ ಮಂದಿ ಉಂಡೆವು.

ಕಾರ್ಯಕ್ರಮವಿದ್ದದ್ದು ಪ್ರಾಗ್ರೆಸಿವ್ ರಾಕ್ ಸಂಗೀತದ್ದು. 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಬೆಳೆದ ಈ ಪಂಥದವರು ಮೂರು ನಿಮಿಷದ ರೇಡಿಯೊ ಹಾಡಿನಲ್ಲಿ ಕೈಕಾಲು ಚಾಚಲು ಜಾಗವಿಲ್ಲವೆಂದು ಎಲ್‌ಪಿ ರೆಕಾರ್ಡಿನ ಇಡೀ ಒಂದು ಮಗ್ಗುಲನ್ನೇ ಒಂದು ಹಾಡಿಗೆ ಬರೆದುಕೊಟ್ಟರು. ಜೆಥ್ರೊ ಟಲ್ ತಂಡವಂತೂ 1972ರಲ್ಲಿ ಎರಡೂ ಮಗ್ಗುಲಿಗೆ ಒಂದೇ ಹಾಡನ್ನು ಹಾಸಿಬಿಟ್ಟಿತು. ಅಂದು ಬಂದಿದ್ದವರು ಇದೇ ಪಂಥದ ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ತಂಡದ ಸಂಗೀತವನ್ನು ಸ್ವರ ಆಚೀಚೆಯಾಗದಂತೆ ನುಡಿಸುವ ಒಂದು ಟ್ರಿಬ್ಯೂಟ್ ಬ್ಯಾಂಡಿನ ಐವರು ಹುಡುಗರು. ಇಂಥ ಉದ್ದದ ಸಂಗೀತ ನಮ್ಮ ಭಾಗದವರಿಗೆ ಹಿಡಿಸದೆಂದು ಯಾರಾದರೂ ಅನುಮಾನಪಟ್ಟರೆ ಅವರು ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಡೆಯುವ ಅಹೋರಾತ್ರಿ ಸಂಗೀತವನ್ನು ಒಮ್ಮೆ ನೋಡಿ ಬರಬೇಕು. ಒಂದೊಂದು ರಾಗವನ್ನು ತಾಸುಗಟ್ಟಲೆ ಕೇಳಿ, ಚಹಾ ಕುಡಿದು, ಮತ್ತೆ ಬಂದು ಕೂಡುವ ಜನ ಇಲ್ಲಿಯವರು. ಏಳು ಮಾತ್ರೆಯ ರೂಪಕ ತಾಳವನ್ನು ತೊಡೆಯ ಮೇಲೆ ಎಣಿಸಿ ರೂಢಿಯಿದ್ದವರಿಗೆ ಏಳರ ಲೆಕ್ಕದಲ್ಲೇ ಬಹುಪಾಲು ನಡೆಯುವ ಪಿಂಕ್ ಫ್ಲಾಯ್ಡ್‌ನ 1973ರ ‘ಮನಿ’ ಹಾಡು ಒಂದೇ ಆವರ್ತನದಲ್ಲಿ ಕೈಗೆ ಸಿಗುತ್ತದೆ. ಕೇಳುವವರಿದ್ದರು, ನುಡಿಸುವವರೂ ಇದ್ದರು. ಇವರಿಬ್ಬರ ನಡುವೆ ವೇದಿಕೆಯ ಮೇಲೆ ಒಂಬತ್ತು ಕುರ್ಚಿಗಳಿದ್ದವು.

ಆ ಕುರ್ಚಿಗಳಿಗೆ ಬಿಳಿ ಟರ್ಕಿ ಟವೆಲ್ ಹೊದಿಸಿ, ಡ್ರಮ್ಸ್ ಪೂರ್ತಿ ಮರೆಯಾಗುವಂತೆ ಸಾಲಾಗಿ ಇಟ್ಟಿದ್ದರು. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿ, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ ಎಂದು ಫ್ಲೆಕ್ಸಿನ ಮೇಲೆ ಮುಖಗಳನ್ನು ಜೋಡಿಸಿದ ಮೇಲೆ ಉಳಿದ ಮೂಲೆಯಲ್ಲಿ ಬ್ಯಾಂಡಿನ ಚಿತ್ರವನ್ನು ಅಂಚೆಚೀಟಿಯಷ್ಟು ಅಂಟಿಸಲಾಗಿತ್ತು. ‘ಸಂಜೆ 6 ಗಂಟೆಗೆ ಸರಿಯಾಗಿ’ ಎಂದು ಆಮಂತ್ರಣದಲ್ಲಿ ಅಚ್ಚಾದ ಕಾರ್ಯಕ್ರಮವು ಉದ್ಘಾಟಕರು ಬಂದ ಏಳೂಕಾಲಿಗೆ ಸರಿಯಾಗಿಯೇ ಆರಂಭವಾಯಿತು. ಗಾಳಿಗೆ ದೀಪ ನಿಲ್ಲಲೊಲ್ಲದೆ ಫ್ಯಾನು ಆರಿಸಿದರು; ಫ್ಯಾನು ಆರಿಸುವ ಭರದಲ್ಲಿ ಕೀಬೋರ್ಡಿನ ಸ್ವಿಚ್ಚೂ ಆರಿತು.

ನಿರೂಪಕರು ‘ಪಿಂಕ್ ಅವರು ಹಾಗೂ ಫ್ಲಾಯ್ಡ್ ಅವರು’ ಎಂದು ಬಹುವಚನ ಕೊಟ್ಟು ಪರಿಚಯಿಸಿದಾಗ ಮುಂದಿನ ಸಾಲಿನ ಕಾಲೇಜು ಹುಡುಗರು ಕಿಸಕ್ಕನೆ ನಕ್ಕರು. ಪಿಂಕ್ ಫ್ಲಾಯ್ಡಿನ ಮೊದಲ ಗಾಯಕ ಸಿಡ್ ಬ್ಯಾರೆಟ್ ಆ ಹೆಸರನ್ನು ಪಿಂಕ್ ಆ್ಯಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಬ್ಲೂಸ್ ಗಾಯಕರಿಂದಲೇ ಕಟ್ಟಿದ್ದನಾದ್ದರಿಂದ ಇಡೀ ಸಭೆಯಲ್ಲಿ ನುಡಿದ ಒಂದೇ ಒಂದು ಖರೆ ಮಾತು ಅದಾಗಿತ್ತು. ಪ್ರಾಸ್ತಾವಿಕ ನುಡಿದವರು ಮಲ್ಲಿಕಾರ್ಜುನ ಮನಸೂರರಿಂದ ಹೊರಟು, ಗಂಗೂಬಾಯಿ ಹಾನಗಲ್ಲರನ್ನು ಹಾಯ್ದು, ಗದುಗಿನ ಪುಟ್ಟರಾಜ ಗವಾಯಿಗಳಲ್ಲಿ ಸ್ವಲ್ಪ ಹೊತ್ತು ತಂಗಿ, ಭೀಮಸೇನ ಜೋಶಿಯವರು ಹುಡುಗರಿದ್ದಾಗ ಗುರುವನ್ನು ಹುಡುಕಿ ಮನೆ ಬಿಟ್ಟುಹೋದ ಪ್ರಸಂಗಕ್ಕೆ ತಲುಪುವ ಹೊತ್ತಿಗೆ ಸಭಿಕರಿಗೂ ಅದೇ ಬುದ್ಧಿ ಬರತೊಡಗಿತ್ತು. ಪಿಂಕ್ ಫ್ಲಾಯ್ಡಿಗೂ ಇದಕ್ಕೂ ಇರುವ ಸಂಬಂಧವನ್ನು ಅವರು ‘ಸಮಯದ ಅಭಾವದಿಂದ’ ಹೇಳದೆ ಬಿಟ್ಟರು. ಅವರ ನಂತರ ಮಾತಾಡಿದ ಪ್ರತಿಯೊಬ್ಬರೂ ಹಿಂದಿನವರು ಎಲ್ಲವನ್ನೂ ಹೇಳಿದ್ದಾರೆಂದು ಒಪ್ಪಿಕೊಂಡು ಎಲ್ಲವನ್ನೂ ಮತ್ತೊಮ್ಮೆ ಹೇಳಿದರು.

ಮುಖ್ಯ ಅತಿಥಿಗಳು ಈ ಹುಡುಗರು ಅಸಲಿಯೋ ನಕಲಿಯೋ ಎಂದು ಮೈಕಿನಲ್ಲಿಯೇ ಕೇಳಿದರು. ಆಸ್ಟ್ರೇಲಿಯದಲ್ಲಿ 1988ರಲ್ಲಿ ಹುಟ್ಟಿದ ಇಂಥದೇ ಒಂದು ಅನುಕರಣ ತಂಡವನ್ನು ಅಸಲಿ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ 1996ರಲ್ಲಿ ತಮ್ಮ 50ನೇ ಹುಟ್ಟುಹಬ್ಬಕ್ಕೆ ನುಡಿಸಲು ಕರೆಸಿಕೊಂಡಿದ್ದರೆಂದು ಯಾರಾದರೂ ಹೇಳಬಹುದಿತ್ತು. ಆದರೆ ಮೈಕು ಕಲಾವಿದರ ಕೈಗೆ ಬರುವುದು ಅಷ್ಟು ಸುಲಭವಲ್ಲ. ಬದಲಿಗೆ ಅವರಿಗೆ ಶಾಲು, ಪೇಟ, ಗಂಧದ ಹಾರ ಮತ್ತು ಹಣ್ಣಿನ ಬುಟ್ಟಿ ಬಂದವು. ಒಬ್ಬೊಬ್ಬರಿಗೂ ಒಂಬತ್ತು ಜನ ಕೈ ಹಚ್ಚಿ ಫೋಟೊಕ್ಕೆ ನಿಂತರು. ಆ ಮೇಲೆ ವಂದನಾರ್ಪಣೆಯಾಯಿತು. ಇನ್ನೂ ನುಡಿಸದ ಸಂಗೀತವನ್ನು ‘ಕೊನೆಯವರೆಗೂ ಶಾಂತರೀತಿಯಿಂದ ಆಲಿಸಿದ್ದಕ್ಕೆ’ ನಮಗೆ ಅನಂತ ಕೃತಜ್ಞತೆ ಸಂದಿತು. ಅತಿಥಿಗಳು ಅನ್ಯ ಕಾರ್ಯನಿಮಿತ್ತ ಎದ್ದರು. ಅವರನ್ನು ಕಾರಿನವರೆಗೆ ಬಿಡಲು ಅರ್ಧ ಸಭೆಯೂ ಎದ್ದಿತು.

ಒಂಬತ್ತೂ ನಲವತ್ತಕ್ಕೆ ಹುಡುಗರು ‘ಎಕೋಸ್’ ಎತ್ತಿಕೊಂಡರು. ಇದು 1971ರ ‘ಮೆಡಲ್’ ಆಲ್ಬಮ್ಮಿನ ಎರಡನೆಯ ಮಗ್ಗುಲನ್ನು ಪೂರ್ತಿ ತುಂಬಿಕೊಂಡಿರುವ, ಇಪ್ಪತ್ಮೂರು ನಿಮಿಷ ದಾಟುವ ಹಾಡು. ಗಣಿತ ಬಲ್ಲವರಿಗೆ ಮುಂದಿನದು ಆಗಲೇ ಹೊಳೆದಿರಬೇಕು. ಹಾಡು ತೊಡಗುವುದು ಪಿಯಾನೊದ ಒಂಟಿ ಸ್ವರವೊಂದು ನೀರಿನ ಹನಿ ಬಿದ್ದಂತೆ ಬಿಟ್ಟು ಬಿಟ್ಟು ಕೇಳುವುದರಿಂದ. ಸೌಂಡ್ ಸರ್ವಿಸಿನ ತಮ್ಮ ಅದನ್ನು ಇನ್ನೂ ಟೆಸ್ಟಿಂಗ್ ಎಂದು ತಿಳಿದು ಎಲೆ ಅಡಿಕೆ ಹಾಕಿಕೊಳ್ಳಲು ಹೊರಗೆ ಹೋದ. ನಡುವೆ ತಾಳವೆಲ್ಲ ಕರಗಿ, ಗಿಟಾರಿನ ದನಿಯನ್ನು ಕಾಲಿನಿಂದ ತಿರುಚುವ ವಾಹ್ ಪೆಡಲಿನ ವಯರನ್ನು ಉಲ್ಟಾ ಸಿಕ್ಕಿಸಿ ಗಿಲ್ಮೋರ್ ಹೊರಡಿಸಿದ ಆ ಕಡಲಹಕ್ಕಿಯ ಕಿರುಚು ಬರುತ್ತದಲ್ಲ, ಅಲ್ಲಿಗೆ ಬಂದಾಗ ಅವನು ಬಾಯ್ತುಂಬ ಎಲೆಯೊಂದಿಗೆ ಓಡಿ ಬಂದು, ಮೈಕು ಕುಂಯ್ಗುಡುತ್ತಿದೆಯೆಂದು ಗಿಟಾರಿನ ಧ್ವನಿಯನ್ನು ಪೂರ್ತಿ ಇಳಿಸಿದ. ತನ್ನ ಕೆಲಸದಲ್ಲಿ ಅಷ್ಟು ನಿಷ್ಠೆಯಿದ್ದವನು ಆ ರಂಗಮಂದಿರದಲ್ಲಿ ಅವನೊಬ್ಬನೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಹಾಡು ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು. ಅವನಿಗೆ ತಿಳಿಸಿಹೇಳಿ, ಗಿಟಾರನ್ನು ಮೇಲೆತ್ತಿಸಿ, ಮತ್ತೆ ತಾಳ ಕೂಡಿ, ಹಾಡು ಬೆಳಕಿಗೆ ಏರಬೇಕಾದ ಜಾಗಕ್ಕೆ ಬರುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು. ಸಂಘಟಕರು ನಿಯಮಪಾಲಕರಾದ್ದರಿಂದ ಫ್ಯೂಸ್ ತೆಗೆಸಿದರು. ಎರಡು ತಾಸಿಗೂ ಮೀರಿದ ಭಾಷಣಗಳಲ್ಲಿ ಒಮ್ಮೆಯೂ ನೆನಪಾಗದ ನಿಯಮವು ಹಾಡಿಗೆ ಇಪ್ಪತ್ತೇ ನಿಮಿಷದಲ್ಲಿ ನೆನಪಾಯಿತು.

ಆದ್ದರಿಂದ ನನ್ನ ಬೇಡಿಕೆ ತೀರ ಸಣ್ಣದು. ಪ್ರಾಸ್ತಾವಿಕಕ್ಕೆ 2 ನಿಮಿಷ 30 ಸೆಕೆಂಡು, ಅತಿಥಿ ಪರಿಚಯಕ್ಕೆ ತಲಾ 52 ಸೆಕೆಂಡು ಎಂದು ಸರ್ಕಾರ ಒಂದು ಸುತ್ತೋಲೆ ಹೊರಡಿಸಲಿ. ಅದನ್ನು ಬಿಡುಗಡೆಗೊಳಿಸಲು ಮಾತ್ರ ಸಮಾರಂಭ ಇಟ್ಟುಕೊಳ್ಳದಿರಲಿ. ಈ ಮಾತನ್ನು ಮರುದಿನ ಪ್ರಾಸ್ತಾವಿಕ ನುಡಿದಿದ್ದ ಹಿರಿಯರ ಕಿವಿಗೆ ಹಾಕಿದೆ. ಅವರು ತಾಳ್ಮೆಯಿಂದ ಕೇಳಿ, ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: “ಖರೇ ಅದರಿ. ಹುಡುಗೂರು ಚೊಲೋ ನುಡಿಸಿದ್ರು, ಇಲ್ಲ ಅನ್ನಂಗಿಲ್ಲ. ಆದ್ರ ಹಾಡು ಭಾಳ ಉದ್ದ ಆತ್ರಿ.”