ಹಳದಿ ಪಟ್ಟಿ ಒತ್ತಿದ್ದು ಅವರೊಬ್ಬರ ತಪ್ಪಾ?

ಇವತ್ತು ಆಫೀಸಲ್ಲಿ ನಡೆದದ್ದಕ್ಕೆ ಇನ್ನೂ ಹೊಟ್ಟೆ ಉರಿಯುತ್ತಿದೆ. ಅಕೌಂಟ್ಸ್‌ನ ಅಕ್ಕನನ್ನು ಎಲ್ಲರೆದುರು ನಿಲ್ಲಿಸಿ ಬೈದರು. ‘ಬಾಕಿ ಬಿಲ್’ ಅಂತ ಮೇಲ್‌ನಲ್ಲಿ ಬಂದ ವರ್ಡ್ ಫೈಲ್ ತೆರೆದು, ಮೇಲೆ ಬರುವ ಹಳದಿ ಪಟ್ಟಿಯ ‘ಎನೇಬಲ್ ಕಂಟೆಂಟ್’ ಬಟನ್ ಒತ್ತಿದ್ದಾರೆ. "ಅಷ್ಟೂ ಗೊತ್ತಾಗಲ್ವೇನ್ರೀ?" ಅಂದರು ಸಾಹೇಬರು. ಅಲ್ಲ, ಬಂದ ಬಿಲ್ ತೆರೆದು ನೋಡುವುದೇ ಅವರ ಕೆಲಸ ಅಲ್ವಾ?

ಆ ಫೈಲನ್ನು ಆಮೇಲೆ ನಾನೂ ನೋಡಿದೆ. ಒಳಗೆ ಬಿಲ್ಲೇ ಇಲ್ಲ, ಒಂದು ಚಿತ್ರ ಅಷ್ಟೇ. ನೀಲಿ ಅಂಚು, ಮೈಕ್ರೋಸಾಫ್ಟ್ ಗುರುತು. ‘ಇದು ಹಳೇ ವರ್ಷನ್‌ನ ಫೈಲ್, ಓದಲು ಮೇಲಿನ ಹಳದಿ ಪಟ್ಟಿಯ ಬಟನ್ ಒತ್ತಿ’ ಅಂತ ಬರೆದಿತ್ತು. ಒತ್ತಿದರೆ ಒಳಗೆ ಅಡಗಿರುವ ಮ್ಯಾಕ್ರೋ, ಅಂದರೆ ಫೈಲಿನಲ್ಲೇ ಬರೆದಿಟ್ಟ ಸಣ್ಣ ಪ್ರೋಗ್ರಾಂ, ಓಡುತ್ತದೆ, ಹೊರಗಿನಿಂದ ವೈರಸ್ ಇಳಿಸಿಕೊಳ್ಳುತ್ತದೆ.

ಹೊಸ ಮೋಸವೇನಲ್ಲ ಇದು. 1999ರ ಮಾರ್ಚ್‌ನಲ್ಲಿ ಬಂದ ಮೆಲಿಸ್ಸಾ ವೈರಸ್ ಕೂಡ ವರ್ಡ್ ಮ್ಯಾಕ್ರೋನೇ. ಫೈಲ್ ತೆರೆದವರ ಔಟ್‌ಲುಕ್‌ನಿಂದ, ಅವರದೇ ಹೆಸರಲ್ಲಿ, ಮೊದಲ 50 ವಿಳಾಸಗಳಿಗೆ ಹೋಗುತ್ತಿತ್ತು. 2015ರ ಡಿಸೆಂಬರ್ 23ರಂದು ಉಕ್ರೇನ್‌ನಲ್ಲಿ ಸುಮಾರು 2.25 ಲಕ್ಷ ಗ್ರಾಹಕರ ಕರೆಂಟ್ ತೆಗೆದರಲ್ಲ, ಅವರು ತಿಂಗಳುಗಳ ಮೊದಲೇ ವಿದ್ಯುತ್ ಕಂಪನಿಗಳೊಳಗೆ ನುಗ್ಗಿದ್ದೂ ಇಂಥ ಫೈಲ್‌ಗಳಿಂದಲೇ.

"ಗುರುತಿಲ್ಲದವರ ಮೇಲ್ ತೆರೆಯಬಾರದು, ಟ್ರೇನಿಂಗ್ ಕೊಟ್ಟಿದ್ದೀವಲ್ಲ" ಅಂತಾರೆ. ಎಮೋಟೆಟ್ ಅನ್ನುವ ವೈರಸ್ ಹರಡುತ್ತಿದ್ದವರು ಕದ್ದ ಹಳೇ ಮೇಲ್‌ಗಳಿಗೇ ಉತ್ತರ ಬರೆದ ಹಾಗೆ ಫೈಲ್ ಕಳಿಸುತ್ತಿದ್ದರು. ಗುರುತಿನವರ ಹೆಸರಲ್ಲೇ ಬಂದರೆ ಟ್ರೇನಿಂಗ್ ಏನು ಮಾಡುತ್ತದೆ? ಇಂಟರ್ನೆಟ್‌ನಿಂದ ಬಂದ ಮ್ಯಾಕ್ರೋಗಳನ್ನು 2022ರಿಂದ ಮೈಕ್ರೋಸಾಫ್ಟೇ ತಡೆಯುತ್ತಿದೆ. ಒತ್ತಲು ಬಟನ್ನೇ ಇರುವುದಿಲ್ಲ. ನಮ್ಮಲ್ಲಿರುವುದು ಮಾತ್ರ ಇನ್ನೂ 2010ರ ಎಂಎಸ್ ಆಫೀಸ್. ಅದಕ್ಕೆ ಸಪೋರ್ಟ್ ನಿಂತದ್ದೇ 2020ರಲ್ಲಿ. ದುಡ್ಡು ಉಳಿಸಿದವರನ್ನು ಯಾರೂ ನಿಲ್ಲಿಸಿ ಬೈಯಲಿಲ್ಲ.

ಇನ್ನೊಂದು ಮಾತು. ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಸಂಬಳದ ಎಕ್ಸೆಲ್ ಶೀಟ್‌ಗೆ ಮ್ಯಾಕ್ರೋ ಬರೆದುಕೊಟ್ಟವನು ನಾನೇ. "ಹಳದಿ ಪಟ್ಟಿ ಬಂದರೆ ಯೋಚನೆ ಮಾಡಬೇಡಿ ಅಕ್ಕ, ಸುಮ್ನೆ ಒತ್ತಿಬಿಡಿ" ಅಂತ ಪಕ್ಕದಲ್ಲಿ ಕೂತು ಕಲಿಸಿದವನೂ ನಾನೇ. ಪ್ರತಿ ತಿಂಗಳೂ ಒತ್ತುತ್ತಿದ್ದರು. ಇವತ್ತೂ ಅದನ್ನೇ ಮಾಡಿದರು.

ಸಾಹೇಬರು ಬೈಯುವಾಗ ಅಕ್ಕ ನನ್ನ ಕಡೆ ಒಂದು ಸಲ ನೋಡಿದರು. ನನ್ನ ಹೆಸರು ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನಾಳೆ ಬೆಳಿಗ್ಗೆ ಸಾಹೇಬರ ರೂಮಿಗೆ ಹೋಗುತ್ತಿದ್ದೇನೆ. ಅಕ್ಕನನ್ನೂ ಕರೆದುಕೊಂಡೇ ಹೋಗುತ್ತೇನೆ.