ಏರಿ ದಾಟಿದ ಹಾವುಮೀನು

ಅಕ್ಟೋಬರಿನ ಒಂದು ಸಂಜೆ. ಉತ್ತರ ಹಾಲೆಂಡಿನಲ್ಲಿ ನಾನೀಗ ಇರುವ ಹಳ್ಳಿಯ ಪಂಪ್‌ಹೌಸಿನ ಪಕ್ಕದಲ್ಲಿ ವಯಸ್ಸಾದ ಮೀನುಗಾರರೊಬ್ಬರು ತೊಟ್ಟಿ ಹೊತ್ತುಕೊಂಡು ನೀರು ತಡೆಯುವ ಏರಿಯನ್ನು ಹತ್ತುತ್ತಿದ್ದರು. ಒಳಗೆ ತೋಳುದ್ದದ ಹಾವುಮೀನುಗಳು. ಬೆನ್ನು ಕಪ್ಪು, ಹೊಟ್ಟೆ ಬೆಳ್ಳಿ, ಕಣ್ಣು ಮಾತ್ರ ಮೈಗೆ ಮೀರಿ ದೊಡ್ಡದು. ಏರಿಯ ಆಚೆ ಇಳಿದು ತೊಟ್ಟಿ ಬಾಗಿಸಿದರು. ಒಂದೊಂದೇ ಜಾರಿ ಕತ್ತಲ ನೀರು ಸೇರಿದವು.

ಈ ಕಡೆಯ ಬಹಳಷ್ಟು ನೆಲ ಸಮುದ್ರಮಟ್ಟಕ್ಕಿಂತ ತಗ್ಗು. ಕಾಲುವೆಯ ನೀರನ್ನು ಪಂಪ್ ಮಾಡಿಯೇ ಹೊರಹಾಕಬೇಕು. ಕಡಲಿಗೆ ಹೊರಟ ಹಾವುಮೀನು ಆ ಪಂಪಿನ ರೆಕ್ಕೆಗೆ ಸಿಕ್ಕಿ ತುಂಡಾಗುತ್ತದೆ. ಅದಕ್ಕೇ ಮೀನುಗಾರರೇ ಹಿಡಿದು, ಏರಿ ದಾಟಿಸಿ ಬಿಡುತ್ತಾರೆ.

ಅದು ಹೊರಟಿರುವ ದಾರಿಯೋ! ಅಟ್ಲಾಂಟಿಕ್ ಸಾಗರದ ಆಚೆ ಬದಿಯ ಸರ್ಗಾಸೊ ಸಮುದ್ರಕ್ಕೆ, 5,000 ಕಿಲೋಮೀಟರಿಗೂ ಹೆಚ್ಚು. ಹೊರಟ ಮೇಲೆ ಊಟವಿಲ್ಲ, ಜಠರವೇ ಕರಗುತ್ತಾ ಹೋಗುತ್ತದೆ. ಅಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ ಎನ್ನುತ್ತಾರೆ, ಆದರೆ ಅದು ಮೊಟ್ಟೆಯಿಡುವುದನ್ನು ಅಲ್ಲಿ ಇವತ್ತಿಗೂ ಯಾರೂ ಕಣ್ಣಾರೆ ಕಂಡಿಲ್ಲ. ಡೆನ್ಮಾರ್ಕಿನ ಯೊಹಾನೆಸ್ ಸ್ಮಿತ್ 1904ರಲ್ಲಿ ಫ್ಯಾರೋ ದ್ವೀಪಗಳ ಬಳಿ ಬಿದಿರೆಲೆಯಂಥ ಪಾರದರ್ಶಕ ಮರಿಯೊಂದನ್ನು ಕಂಡರು. ಇದಕ್ಕಿಂತ ಚಿಕ್ಕದು ಎಲ್ಲಿ, ಅದಕ್ಕಿಂತ ಚಿಕ್ಕದು ಎಲ್ಲಿ ಎಂದು ಸುಮಾರು ಎರಡು ದಶಕ ಕಡಲು ಜಾಲಾಡಿ ಕೊನೆಗೆ ಸರ್ಗಾಸೊ ಮುಟ್ಟಿದರು. ಅದಕ್ಕೂ ಮುಂಚೆ, 1876ರಲ್ಲಿ, ಇಪ್ಪತ್ತರ ಹುಡುಗ ಸಿಗ್ಮಂಡ್ ಫ್ರಾಯ್ಡ್ ಟ್ರಿಯೆಸ್ಟೆಯಲ್ಲಿ ಗಂಡು ಹಾವುಮೀನಿನ ವೃಷಣ ಹುಡುಕುತ್ತಾ ಸುಮಾರು 400 ಮೀನು ಕೊಯ್ದಿದ್ದ.

ಅರಿಸ್ಟಾಟಲ್ ಅದು ಕೆಸರಿನಿಂದಲೇ ಹುಟ್ಟುತ್ತದೆ ಎಂದು ನಂಬಿದ್ದ. ಉಪ್ಪಿನಂಗಡಿ ಕಡೆಯ ನಮ್ಮ ತೋಟದ ತೋಡಿನಲ್ಲಿ ಒಮ್ಮೆ ಹಾವುಮೀನು ಕಂಡಾಗ ನಾನು ಅಜ್ಜನನ್ನು ಕೇಳಿದ್ದೆ, "ಅಜ್ಜ, ಇದರ ಮರಿ ಎಲ್ಲಿ?" ಅಜ್ಜ ಹೇಳಿದ್ದು, "ಇದಕ್ಕೆ ಮರಿ ಅಂತ ಇಲ್ಲ ಮಗಾ, ಕೆಸರಿನಲ್ಲೇ ಆಗುವುದು." ಇಬ್ಬರದ್ದೂ ದಡ್ಡತನವಲ್ಲ. ಹೊಟ್ಟೆ ಸೀಳಿದರೂ ಮೊಟ್ಟೆ ಸಿಗದ ಮೀನನ್ನು ಕಂಡವರು ಇನ್ನೇನು ಹೇಳಿಯಾರು? ಪಶ್ಚಿಮ ಘಟ್ಟದ ನಮ್ಮ ಹಾವುಮೀನೂ ಹೊಳೆಯಲ್ಲಿ ಬೆಳೆದು ಮೊಟ್ಟೆಗೆ ಕಡಲಿಗೇ ಇಳಿಯುವ ಜಾತಿ. ಅಜ್ಜನಿಗೆ ಅದನ್ನು ಹೇಳಲು ಆಗಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಇಲ್ಲಿ ಹಾಲೆಂಡಿನವರ ಪ್ರೀತಿ ನಾಲಗೆಯದ್ದು. ಹೊಗೆಯಲ್ಲಿ ಬೇಯಿಸಿದ ಹಾವುಮೀನು, ಇವರ ಮಾತಿನಲ್ಲಿ 'ಪಾಲಿಂಗ್', ಅಂದರೆ ಪ್ರಾಣ. ತಿಂದು ತಿಂದೇ, ಏರಿ ಅಣೆಕಟ್ಟು ಕಟ್ಟಿ ಕಟ್ಟಿಯೇ ಅದನ್ನು ಅಳಿವಿನ ಅಂಚಿಗೆ ತಂದರು. ಯುರೋಪಿನ ತೀರಕ್ಕೆ ಬರುವ ಮರಿಗಳ ಸಂಖ್ಯೆ 1980ರಿಂದೀಚೆಗೆ ಶೇ 90ಕ್ಕೂ ಹೆಚ್ಚು ಕುಸಿದಿದೆ. ಇನ್ನೂ ತಿನ್ನುತ್ತಿರುವುದು ನನಗೆ ಸರಿಕಾಣುವುದಿಲ್ಲ. ಆದರೂ ತೊಟ್ಟಿ ಹೊತ್ತವರ ಬಗ್ಗೆ ನನಗೆ ಗೌರವವಿದೆ. ಮೀನಿಗೆ ಬೇಕಾದ್ದು ದಾರಿ ಎಂಬುದು ಅವರಿಗೆ ಅರ್ಥವಾಗಿದೆ.

ನಮ್ಮ ಪ್ರೀತಿ ಭಕ್ತಿಯದ್ದು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕುತ್ತೇವೆ, ಗಾಳ ಹಾಕಲು ಬಿಡುವುದಿಲ್ಲ. ಇಷ್ಟು ದೊಡ್ಡ ಸಂರಕ್ಷಣೆ ಕಾನೂನಿನ ಹೆದರಿಕೆಯಿಂದ ಬಂದದ್ದಲ್ಲ. ಇಲ್ಲಿಯವರಿಗೆ ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಆದರೆ ದೇವಸ್ಥಾನದ ಮೆಟ್ಟಿಲ ಬಳಿ ನಿಲ್ಲುವ ಮೀನಿಗೆ ಈ ಭಕ್ತಿ ಸಾಕು, ಕಡಲಿಗೆ ಹೋಗಿಬರಬೇಕಾದ ಮೀನಿಗೆ ಸಾಲದು. ಅಜ್ಜನ ಕಾಲದ ಮಣ್ಣಿನ ಕಟ್ಟ ಮೊದಲ ನೆರೆಗೇ ಕೊಚ್ಚಿಹೋಗಿ ಹೊಳೆ ತೆರೆದುಕೊಳ್ಳುತ್ತಿತ್ತು. ಈಗಿನ ಕಾಂಕ್ರೀಟು ಅಣೆಕಟ್ಟು ಹಾಗೆ ಹೋಗುವುದಿಲ್ಲ.

ಹಾವುಮೀನಿನ ಮರಿ ಒದ್ದೆ ಒರಟು ಗೋಡೆಯನ್ನೂ ಹತ್ತಬಲ್ಲದು. ಯುರೋಪಿನಲ್ಲಿ ಅದಕ್ಕೆಂದೇ ಅಣೆಕಟ್ಟಿನ ಪಕ್ಕ ಬ್ರಷ್‌ನಂಥ ಬಿರುಸು ಕೂದಲಿನ ಇಳಿಜಾರು ಮಾಡಿ ನೀರು ಹನಿಸುತ್ತಾರೆ. ನ್ಯೂಜಿಲೆಂಡಿನಲ್ಲಿ ಹಗ್ಗ ಇಳಿಬಿಡುತ್ತಾರೆ. ತೆಂಗಿನ ನಾರಿನ ಹಗ್ಗಕ್ಕೆ ನಮ್ಮಲ್ಲೇನು ಬರವೇ?

ಫೋನಿನಲ್ಲಿ ತಮ್ಮನಿಗೆ ಇದನ್ನೇ ಹೇಳಿದೆ. "ಅಣ್ಣಾ, ಮರಿ ಈಗಲೂ ನಮ್ಮ ಅಣೆಕಟ್ಟಿನ ತನಕ ಬರ್ತದಾ?" ಎಂದು ಕೇಳಿದ. ಮಳೆಗಾಲದಲ್ಲಿ ನೆರೆ ಇಳಿದ ರಾತ್ರಿ ಟಾರ್ಚ್ ಹಿಡಿದು ಗೋಡೆಯ ಬುಡ ನೋಡು ಎಂದಿದ್ದೇನೆ.